ವೈನಿ ತಟ್ಟದ ರೊಟ್ಟಿ

ವೈನಿಯ ಬಲ ಅಂಗೈ ಎಡದ್ದಕ್ಕಿಂತ ಅಗಲವಾಗಿತ್ತು. ಬೆರಳುಗಳು ತುದಿಯಲ್ಲಿ ಚಪ್ಪಟೆಯಾಗಿ, ತುಸು ಹಿಂದಕ್ಕೆ ಬಾಗಿದ್ದವು. ಮುಂಗೈಯ ಅಂಚಿನಲ್ಲಿ ಹಂಚು ತಾಗಿ ಕಂದಿದ ನಾಲ್ಕಾರು ಕಲೆಗಳು. ಲಂಗ ಉಡುವ ವಯಸ್ಸಿನಿಂದ ರೊಟ್ಟಿ ತಟ್ಟಿ ತಟ್ಟಿ ಹಾಗಾದ ಕೈ. ಕೋಲ್ಕತ್ತಾದ ಬೆಹಾಲಾ ಬಡಾವಣೆಯ ನಮ್ಮ ಫ್ಲ್ಯಾಟುಗಳಲ್ಲಿ ಅವರ ಅಡುಗೆಮನೆಗೂ ನನ್ನ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಆ ಕಡೆಯಿಂದ ಪಟಪಟ ಸದ್ದು ಶುರುವಾದರೆ ನಾನು ಏಳುವ ಹೊತ್ತಾಯಿತೆಂದೇ ಲೆಕ್ಕ. ಅಲಾರಾಂ ಇಡುವುದನ್ನು ಬಿಟ್ಟೇಬಿಟ್ಟಿದ್ದೆ.

ವರ್ಗಾವಣೆಯಾಗಿ ಕೋಲ್ಕತ್ತಾಕ್ಕೆ ಒಬ್ಬಳೇ ಬಂದವಳು ನಾನು. ಮೈಸೂರಿನವಳು. ಸಾಮಾನು ಇಳಿಸಿದ ದಿನವೇ ಬಾಗಿಲಿನ ಹೆಸರು ಓದಿಕೊಂಡು ಬಂದ ವೈನಿ, "ಕನ್ನಡದಾಕಿ ಹೌದಲ್ಲ? ಊಟ ಆಗ್ಯದೋ ಇಲ್ಲೋ?" ಎಂದರು. ಉತ್ತರ ಹೇಳುವಷ್ಟರಲ್ಲಿ ತಟ್ಟೆ ಬಂದಿತ್ತು. ಧಾರವಾಡದವರು. ಅವರ ಯಜಮಾನರು ರೈಲ್ವೆಯಲ್ಲಿದ್ದರು, ಮಕ್ಕಳಿರಲಿಲ್ಲ. ಇಲ್ಲಿನ ಕನ್ನಡದ ಮನೆಗಳಿಗೆಲ್ಲ ಅವರು ವೈನಿ, ಅಂದರೆ ಅತ್ತಿಗೆ. ಬಂಗಾಳಿಗಳು ಕರೆಯುತ್ತಿದ್ದದ್ದು ಬೌದಿ ಎಂದು, ಅದೂ ಅತ್ತಿಗೆಯೇ. "ನನ್ನ ಗಂಡಗ ತಮ್ಮ ಇಲ್ಲ, ತಂಗಿ ಇಲ್ಲ. ನೋಡಿದ್ರ ಇಡೀ ಕಲ್ಕತ್ತಾಕ್ಕ ವೈನಿ ಆಗಿ ಕೂತೀನಿ" ಎಂದು ನಗುತ್ತಿದ್ದರು.

ನನ್ನನ್ನು ಕೆಣಕಲು ಅವರಿಗೆ ಸಂಕ್ರಾಂತಿ ಬರಬೇಕು. "ನಿಮ್ಮ ಮೈಸೂರ ಮಂದಿದು ಏನು ಹಬ್ಬ? ಎಳ್ಳು ಬೆಲ್ಲದ ಪೊಟ್ಟಣ ಹಂಚೂದು, ಬಾಗಲಾ ಹಾಕ್ಕೊಳ್ಳೂದು. ಇಲ್ಲಿ ಮಗ್ಗಲದಾಗ ಗಂಗವ್ವ ಹರೀತಾಳ, ನೀವು ಬಾತ್‌ರೂಮಿನಾಗ ಮೀತೀರಿ." ಅವರ ಕಡೆ ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಿ, ಮಿಂದು, ದಂಡೆಯ ಮೇಲೆ ಕೂತು ಉಣ್ಣುವ ಪದ್ಧತಿ. ಅದನ್ನು ವೈನಿ ಇಲ್ಲಿ ಗಂಗೆಯ ಕವಲಾದ ಹೂಗ್ಲಿಯ ದಂಡೆಗೆ ತಂದಿದ್ದರು. ವಾರ ಮೊದಲೇ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟಿ, ಬಟ್ಟೆಯಲ್ಲಿ ಪೇರಿಸಿಡುವರು. ಹಿಟ್ಟು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿತ್ತು. ಶೇಂಗಾ ಹೋಳಿಗೆಗೆ ಮಾತ್ರ ಇಲ್ಲಿ ಚಳಿಗಾಲಕ್ಕೆ ಬರುವ ಖರ್ಜೂರದ ಹೊಸ ಬೆಲ್ಲ. ಕನ್ನಡದ ಮನೆಯವರೆಲ್ಲ ಗಾರ್ಡನ್ ರೀಚ್ ಕಡೆಯ ಒಂದು ಘಾಟಿಗೆ, ಅಂದರೆ ಸ್ನಾನಘಟ್ಟಕ್ಕೆ ಹೋಗಿ, ಮೆಟ್ಟಿಲ ಮೇಲೆ ಸಾಲಾಗಿ ಕೂತು ತಿನ್ನುತ್ತಿದ್ದೆವು. ಮೀಯುವ ಧೈರ್ಯ ವೈನಿಗೆ ಮಾತ್ರ. ನಾವೆಲ್ಲ ತಲೆಗೆ ನಾಲ್ಕು ಹನಿ ಚಿಮುಕಿಸಿಕೊಂಡು ಕೈತೊಳೆದುಕೊಳ್ಳುತ್ತಿದ್ದೆವು.

ಅಂಡಾಶಯದ ಕ್ಯಾನ್ಸರ್ ನಾನು ಬರುವ ಮುಂಚೆಯೇ ಒಮ್ಮೆ ಬಂದು ಹೋಗಿತ್ತು. ಆಪರೇಷನ್, ಕೀಮೋ ಎಲ್ಲ ಮುಗಿಸಿ ಗುಣವಾಗಿದ್ದರು. ಎರಡನೆಯ ಸಲ ಮರಳಿದಾಗ ಆಸ್ಪತ್ರೆಗೆ ಜೊತೆಯಲ್ಲಿ ಹೋದವಳು ನಾನು. ಯಜಮಾನರು ಡಾಕ್ಟರ ಕೋಣೆಯ ಬಾಗಿಲವರೆಗೆ ಬರುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. "ನೀವು ಹೋಗಿ ಬರ್ರಿ" ಎಂದು ಸ್ಕ್ಯಾನಿನ ಲಕೋಟೆ ನನ್ನ ಕೈಗಿತ್ತು ಗೋಡೆಗೆ ಆತು ನಿಂತುಬಿಡುವರು. ಹಾಗಾಗಿ ಪ್ರತಿ ಸಲವೂ ವೈನಿಯ ಪಕ್ಕದ ಕುರ್ಚಿಯಲ್ಲಿ ನಾನೇ.

ಆ ಸಲದ ಕೀಮೋ ರೋಗವನ್ನು ಹಿಮ್ಮೆಟ್ಟಿಸಿತು, ಆದರೆ ಬೆರಳ ತುದಿಗಳು ಮರಗಟ್ಟಿದವು. "ಬೆರಳಿಗೆ ಯಾರೋ ಕಾಲುಚೀಲಾ ಹಾಕಿಧಂಗ ಆಗ್ಯದ" ಎಂದರು ವೈನಿ. ಹಿಟ್ಟಿನ ಹದ ಕೈಗೆ ತಿಳಿಯುತ್ತಿರಲಿಲ್ಲ. ಹಂಚು ಸುಟ್ಟರೂ ಗೊತ್ತಾಗದೆ ಹೊಸ ಬೊಬ್ಬೆಗಳು ಎದ್ದವು. ಗೋಡೆಯಾಚೆಯ ಸದ್ದು ನಿಂತಿತು. ನಾನು ಮತ್ತೆ ಅಲಾರಾಂ ಇಡತೊಡಗಿದೆ. ಎಷ್ಟೋ ತಿಂಗಳ ಮೇಲೆ ಒಂದು ಬೆಳಿಗ್ಗೆ ಪಟ, ಪಟ ಎಂದು ನಿಧಾನವಾಗಿ ಕೇಳಿಸಿತು. ಹಲ್ಲುಜ್ಜದೆ ಓಡಿಹೋದೆ. ವೈನಿ ನನ್ನ ಗಲ್ಲ ಹಿಂಡಿ, "ಜೀವ ಬರ್ಲಿಕ್ಕತ್ತದ ನೋಡು. ನಿನ್ನ ಗಲ್ಲ ಎಷ್ಟು ಒರಟ ಅದನೋ ಅದೂ ಗೊತ್ತಾತು" ಎಂದರು.

ಮೂರನೆಯ ಸಲ ಅದು ಬಂದದ್ದು ದುರ್ಗಾಪೂಜೆಯ ಬೆನ್ನಿಗೆ. ಬೀದಿಯಲ್ಲಿ ಪೆಂಡಾಲಿನ ಬಿದಿರುಗಳನ್ನು ಇನ್ನೂ ಬಿಚ್ಚುತ್ತಿದ್ದರು. ವೈನಿಯ ಹೊಟ್ಟೆಯಲ್ಲಿ ನೀರು ತುಂಬಿತ್ತು. ಡಾಕ್ಟರಮ್ಮ ಯಾವುದನ್ನೂ ಮುಚ್ಚಿಡಲಿಲ್ಲ. ಈ ಸಲ ಬೇಗ ಮರಳಿದೆ, ಪೂರ್ತಿ ಗುಣವಾಗುವ ಮಾತು ಇಲ್ಲ ಎಂದರು. ವಾರವಾರ ಡ್ರಿಪ್ಪಿನಲ್ಲಿ ಕೊಡುವ ಔಷಧಿ ಇದೆ, ರೋಗದ ಓಟ ತಗ್ಗಬಹುದು, ತಗ್ಗದೆಯೂ ಇರಬಹುದು, ಬೆರಳುಗಳಂತೂ ಮತ್ತೆ ಮರಗಟ್ಟುವ ಸಂಭವ ಹೆಚ್ಚು. ಮಾತ್ರೆಗಳಿವೆ, ತ್ರಾಸು ಕಡಿಮೆ, ಭರವಸೆಯೂ ಕಡಿಮೆ. ಇಲ್ಲವೇ ರೋಗವನ್ನು ಅದರ ಪಾಡಿಗೆ ಬಿಟ್ಟು, ನೀರು ತೆಗೆಸಿಕೊಂಡು, ನೋವಿಗೆ ಔಷಧಿ ತೆಗೆದುಕೊಂಡು ಮನೆಯಲ್ಲಿರಬಹುದು. "ಯಾವುದನ್ನು ಆರಿಸಿದರೂ ನಾನು ಜೊತೆಗಿರುತ್ತೇನೆ, ಯೋಚಿಸಿ ಬನ್ನಿ" ಎಂದರು.

ಹೊರಗೆ ಬಂದು ಮೂವರೂ ಚಹಾದ ಅಂಗಡಿಯ ಮುಂದೆ ನಿಂತೆವು. ವೈನಿ ಮಣ್ಣಿನ ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕುಡಿಯಲೇ ಇಲ್ಲ.

"ಬಿಸಿ ಗೊತ್ತಾಗ್ಲಿಕ್ಕತ್ತದ" ಎಂದರು. "ನಂಗ ಡ್ರಿಪ್ ಬ್ಯಾಡವಾ. ನೀರು ತಗಸ್ಕೊಂಡು ಮನ್ಯಾಗ ಇರ್ತೀನಿ. ಕೈ ಇದ್ದಾಗ ಒಂದು ಸಂಕ್ರಾಂತಿ ಮಾಡಿ ಬಿಡ್ತೀನಿ."

ಯಜಮಾನರು ರಸ್ತೆಯ ಕಡೆ ನೋಡುತ್ತಿದ್ದರು. ಅಡ್ಡ ಬಂದವಳು ನಾನು.

"ಏನು ಮಾತು ವೈನಿ ಇದು? ರೊಟ್ಟಿಗೋಸ್ಕರ ಯಾರಾದ್ರೂ ಔಷಧಿ ಬಿಡ್ತಾರಾ? ಸಂಕ್ರಾಂತಿ ಮುಂದಿನ ವರ್ಷಾನೂ ಬರತ್ತೆ."

ಅಷ್ಟಕ್ಕೇ ಬಿಡಲಿಲ್ಲ. ದಿನವೂ ಕಚೇರಿಯಿಂದ ಬಂದವಳು ನೇರ ಅವರ ಮನೆಗೆ ಹೋಗಿ ಅದನ್ನೇ ಹೇಳಿದೆ. ಯಾರೋ ಇದೇ ಔಷಧಿಯಲ್ಲಿ ವರ್ಷಗಟ್ಟಲೆ ಬದುಕಿದ ಕಥೆಗಳನ್ನು ಫೋನಿನಲ್ಲಿ ಹುಡುಕಿ ಓದಿದೆ. ಬದುಕದವರ ಕಥೆಗಳೂ ಅಲ್ಲೇ ಇದ್ದವು, ಅವನ್ನು ಓದಲಿಲ್ಲ. "ಅಣ್ಣನವರ ಮುಖವನ್ನಾದರೂ ನೋಡಿ" ಎಂದು ಯಜಮಾನರ ಕಡೆ ಕೈ ತೋರಿಸಿದೆ. ಕೊನೆಗೆ ಅತ್ತುಬಿಟ್ಟೆ. ವೈನಿ ಸೆರಗಿನಿಂದ ನನ್ನ ಮುಖ ಒರೆಸಿ, "ಆತು. ನೀ ಹಿಂಗ ಅಂದ್ರ ಆತು ಬಿಡು" ಎಂದರು. ಗೆದ್ದೆನೆಂದು ನನಗೆ ನಿಜಕ್ಕೂ ಸಂತೋಷವಾಯಿತು. ಆ ಸಂತೋಷವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಡ್ರಿಪ್ ಶುರುವಾಯಿತು. ಮೊದಲು ಬಾಯಿರುಚಿ ಹೋಯಿತು, ಆಮೇಲೆ ಕಾಲಿನ ಬಲ, ಆಮೇಲೆ ಬೆರಳು. ರೋಗ ಮಾತ್ರ ಜಗ್ಗಲಿಲ್ಲ. ಸಂಕ್ರಾಂತಿಗೆ ಎರಡು ದಿನವಿರುವಾಗ ವೈನಿ ನನ್ನನ್ನು ಕರೆಸಿ, ಅಡುಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಸಜ್ಜೆ ಹಿಟ್ಟು ಬಂದಿತ್ತು. ಅವರು ಹೇಳಿದ ಹಾಗೆ ಕುದಿವ ನೀರು ಹಾಕಿ ನಾದಿದೆ. ಹಿಟ್ಟಿನ ಅಗಲ ತಟ್ಟೆಯನ್ನು ಅವರ ಮುಂದೆ ಹಿಡಿದಾಗ ಹಿಟ್ಟಿನ ಮೇಲೆ ಅಂಗೈ ಇಟ್ಟು ಒತ್ತಿದರು, ಮತ್ತೊಮ್ಮೆ ಒತ್ತಿದರು.

"ಹದಕ್ಕ ಬಂತೇನು? ನಂಗ ತಿಳೀವಲ್ದು."

"ಬಂದಿದೆ ವೈನಿ" ಎಂದೆ. ಬಂದಿತ್ತೋ ಇಲ್ಲವೋ ನನಗೆ ತಿಳಿದಿರಲಿಲ್ಲ. ಅವರು ಕೈಯನ್ನು ಹಿಂದಕ್ಕೆ ತೆಗೆದು, ಬೇರೆ ಯಾರದೋ ವಸ್ತುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡರು. ನಾನು ತಟ್ಟಿದ ಮೊದಲ ರೊಟ್ಟಿ ಎತ್ತುವಾಗಲೇ ಮೂರು ಹೋಳಾಯಿತು. ಅದನ್ನು ಕೂಡಿಸುತ್ತ, ತಲೆ ಎತ್ತದೆ ಕೇಳಿದೆ: "ನಾನು ಬಲವಂತ ಮಾಡಿದ್ನಾ ವೈನಿ?"

"ಮಾಡಿದಿ" ಎಂದರು, ಸಿಟ್ಟಿಲ್ಲದೆ. "ಇನ್ನೂ ನಾಕು ದಿನ ನಂಗ ಬೇಕಾಗಿರ್ಲಿಲ್ಲ. ನಿಂಗ ಬೇಕಾಗಿತ್ತು, ಕೊಟ್ಟೆ. ಹಂಚು ಕಾದದ ನೋಡು, ಲಗೂನ ಹಾಕು."

ಜ್ವರ ಬಂದು ಸಂಕ್ರಾಂತಿಯನ್ನು ವೈನಿ ವಾರ್ಡಿನಲ್ಲಿ ಕಳೆದರು. ಘಾಟಿಗೆ ಆ ವರ್ಷ ಯಾರೂ ಹೋಗಲಿಲ್ಲ. ಹೋಳಿ ಹುಣ್ಣಿಮೆಗೆ ಮುಂಚೆ ವೈನಿ ತೀರಿಹೋದರು.

ಔಷಧಿಯನ್ನು ನಾನು ದೂರುವುದಿಲ್ಲ, ಅದು ಬೇರೊಬ್ಬರಿಗೆ ನಾಟಬಹುದು. ಡಾಕ್ಟರಮ್ಮನನ್ನಂತೂ ದೂರುವ ಹಾಗೇ ಇಲ್ಲ, ಅವರು ಮೂರು ದಾರಿಗಳನ್ನೂ ತೆರೆದಿಟ್ಟಿದ್ದರು. ಡ್ರಿಪ್ ಇಲ್ಲದಿದ್ದರೆ ವೈನಿ ಸಂಕ್ರಾಂತಿಯವರೆಗೆ ಗಟ್ಟಿಯಾಗಿರುತ್ತಿದ್ದರು ಎಂದು ಹೇಳಬಲ್ಲವರೂ ಯಾರಿಲ್ಲ. ಇದನ್ನೆಲ್ಲ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅವರು ಆರಿಸಿದ್ದು ಒಂದು, ನಾನು ಅವರಿಂದ ಒಪ್ಪಿಸಿಕೊಂಡದ್ದು ಇನ್ನೊಂದು. ಈ ಊರಿನಲ್ಲಿ ಊಟವಾಯಿತೇ ಎಂದು ಕೇಳುವ ಬಾಗಿಲು ಮುಚ್ಚಿಹೋಗುತ್ತದೆಂಬ ಹೆದರಿಕೆ ನನ್ನದು. ಅದನ್ನೇ ಅವರ ಮೇಲಿನ ಪ್ರೀತಿ ಎಂದುಕೊಂಡೆ. ಪ್ರೀತಿಯೂ ಇತ್ತು, ಸುಳ್ಳಲ್ಲ. ಎರಡನ್ನೂ ಬೇರ್ಪಡಿಸಲು ಇವತ್ತಿಗೂ ನನಗೆ ಬಂದಿಲ್ಲ.

ಈ ಸಲದ ಸಂಕ್ರಾಂತಿಗೆ ನಾನೇ ಹಿಟ್ಟು ತರಿಸಿದೆ. ವಾರವೆಲ್ಲ ತಟ್ಟಿದೆ. ಈಗ ರೊಟ್ಟಿಗಳು ಹರಿಯುವುದಿಲ್ಲ, ದಪ್ಪವಾಗುತ್ತವೆ ಅಷ್ಟೆ. ಬುತ್ತಿ ಕಟ್ಟಿಕೊಂಡು, ವೈನಿಯ ಯಜಮಾನರನ್ನು ಕರೆದುಕೊಂಡು ಘಾಟಿಗೆ ಹೋದೆ. ಅವರು ಮೆಟ್ಟಿಲ ಮೇಲೆ ಕೂತು ರೊಟ್ಟಿ ಮುರಿದು, ಅರ್ಧವನ್ನು ನೀರಿಗೆ ಬಿಟ್ಟು, ಉಳಿದದ್ದನ್ನು ಅಗಿದರು. ನಾನು ಕೆಳಗಿಳಿದು, ಸೀರೆ ಎತ್ತಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತೆ. ಎರಡೂ ಕೈ ಮುಳುಗಿಸಿದೆ. ಕೊರೆಯುವ ತಣ್ಣೀರು ಬೆರಳ ತುದಿತುದಿಗೂ ಗೊತ್ತಾಯಿತು. ಸಂಕ್ರಾಂತಿ ಮುಂದಿನ ವರ್ಷವೂ ಬರುತ್ತದೆ ಎಂದು ಅವರಿಗೆ ಹೇಳಿದ್ದೆ. ಬಂದಿತ್ತು.