ಎಡಗಿವಿಯ ಹತ್ತಿ

ಅವರ ಎಡಗಿವಿಯಲ್ಲಿ ವ್ಯಾಸಲೀನ್ ಮೆತ್ತಿದ ಹತ್ತಿಯುಂಡೆ ಬಿಸಿಲಿಗೆ ಮಿಣಮಿಣ ಹೊಳೆಯುತ್ತಿತ್ತು. ಈಜುಕೊಳದಿಂದ ಮೇಲೆ ಬಂದ ತಕ್ಷಣ ಅದನ್ನು ಕಿತ್ತು, ತಲೆಯನ್ನು ಭುಜಕ್ಕೆ ವಾಲಿಸಿ, ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಿದ್ದರು. ಬೋಳುತಲೆಯ, ಹೊಟ್ಟೆ ಬಂದ ಮನುಷ್ಯ ಹಾಗೆ ಕುಣಿಯುವುದನ್ನು ನೋಡಿ ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಅವರಿಗೆ ಅದರಿಂದ ಬೇಜಾರೇನೂ ಇರಲಿಲ್ಲ.

ಕೆ.ಆರ್. ಪುರದ ಕಡೆಯ ನಮ್ಮ ಕ್ವಾರ್ಟರ್ಸಿನಲ್ಲಿ ಅವರದು ಪಕ್ಕದ ಮನೆ. ನಾವು ಗದಗಿನ ಕಡೆಯವರಾದ್ದರಿಂದ ನನಗೆ ಅವರು ಕಾಕಾ, ಅಂದರೆ ಚಿಕ್ಕಪ್ಪ. ಹಲಸೂರಿನಲ್ಲಿ ಹುಟ್ಟಿ ಬೆಳೆದ ಅವರು, ‘ಇದೇನಮ್ಮ, ಬೆಳಗ್ಗೆ ಎದ್ರೆ ಕಾಗೆ ಕೂಗ್ದಂಗೆ ಕೂಗ್ತೀಯ’ ಎಂದು ರೇಗಿಸುತ್ತಿದ್ದರು. ಟೆಲಿಫೋನ್ ತಯಾರಿಸುವ ಕಾರ್ಖಾನೆಯಲ್ಲಿ ಅವರ ಕೆಲಸವೇ ಕೇಳಿಸಿಕೊಳ್ಳುವುದು. ಒಂದೊಂದೇ ಫೋನನ್ನು ಕಿವಿಗಿಟ್ಟು ಎದುರು ಬೆಂಚಿನವರಿಗೆ ‘ಹಲೋ, ಕೇಳಿಸ್ತಾ?’ ಎನ್ನುವುದು, ಬರುವ ದನಿಯಲ್ಲಿ ಕರಕರ ಇದ್ದರೆ ಹಿಂದಕ್ಕೆ ಕಳಿಸುವುದು. ಆ ಚಾಳಿ ಭಾನುವಾರವೂ ಬಿಡುತ್ತಿರಲಿಲ್ಲ. ನಮ್ಮನ್ನೆಲ್ಲ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿಸಿ ಹಲಸೂರಿನ ಈಜುಕೊಳಕ್ಕೆ ಕರೆದೊಯ್ಯುತ್ತಿದ್ದರು. ನೀರಿನಿಂದ ತಲೆ ಎತ್ತಿದ ಪ್ರತಿ ಮಗುವಿಗೂ ‘ಹಲೋ, ಕೇಳಿಸ್ತಾ?’ ಆಗಲೇಬೇಕು. ಕೇಳಿಸದಿದ್ದರೆ ಆ ಮಗುವೂ ಕುಪ್ಪಳಿಸಬೇಕು.

ಕಿವಿಯಿಂದ ಅನ್ನ ತಿನ್ನುವವರಿಗೆ ಈಜಿನ ಹುಚ್ಚು ಇರಬಾರದು. ಮಳೆಗಾಲ ಬಂತೆಂದರೆ ಅವರ ಎಡಗಿವಿ ಸೋರುತ್ತಿತ್ತು. ಅವರ ಹೆಂಡತಿ, ನಮ್ಮ ಕಾಕು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಹಿಡಿದು ಬರುವರು. ಎಣ್ಣೆ ಬಿಟ್ಟುಕೊಂಡು ನನ್ನ ಹತ್ತಿರ ಬರಬೇಡಿ ಎಂದು ಶಿವಾಜಿನಗರದ ಕಿವಿ ಡಾಕ್ಟರು ಬೈಯುವರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: ಕಿವಿಯ ತಮಟೆ ತೂತಾಗಿದೆ, ಒಣಗುವವರೆಗೂ ಒಂದು ತೊಟ್ಟು ನೀರು ತಾಗಬಾರದು. ಅದೇ ತಿಂಗಳು ಕಾರ್ಖಾನೆಯಲ್ಲಿ ಕಿವಿ ಪರೀಕ್ಷೆ. ಒಂದು ಕಿವಿ ಮಂದವಾದರೂ ಟೆಸ್ಟಿಂಗ್ ಬೆಂಚಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕುತ್ತಿದ್ದರು. ಕಾಕಾಗೆ ಆ ಬೆಂಚೆಂದರೆ ಪ್ರಾಣ. ‘ನನ್ ಕಿವಿ ದಾಟ್ದೆ ಒಂದು ಫೋನೂ ಗೇಟ್ ದಾಟಲ್ಲ’ ಎಂದು ಬೀಗುತ್ತಿದ್ದವರು ಈಜು ನಿಲ್ಲಿಸಿ, ಹನಿ ಸಿಡಿದೀತೆಂದು ಕಿವಿಗೆ ಹತ್ತಿ ಇಟ್ಟುಕೊಂಡು, ದಡದಲ್ಲಿ ನಿಂತೇ ನಮಗೆ ಕಲಿಸತೊಡಗಿದರು.

ಪರೀಕ್ಷೆಯ ಹಿಂದಿನ ಭಾನುವಾರ ಕಾಕು ಬಸ್‌ಸ್ಟಾಪಿನವರೆಗೂ ಬಂದು, ‘ನೀರಿಗಿಳಿದ್ರೆ ಮನೆಗೆ ಬರ್ಬೇಡಿ’ ಅಂದರು. ‘ಚಪ್ಪಲಿನೂ ಒದ್ದೆ ಮಾಡ್ಕೊಳಲ್ಲ ಕಣೆ’ ಅಂದರು ಕಾಕಾ.

ಅಂದು ನಾನು ಮೊದಲ ಸಲ ಆಳದ ಕಡೆಗೆ ಹೋಗುವುದಿತ್ತು. ಇಸ್ತ್ರಿ ಮಾಡಿದ ಶರ್ಟಿನಲ್ಲಿ ಅವರು ದಡದ ಮೇಲೆ ನನ್ನ ಸಮಕ್ಕೆ ನಡೆದು ಬಂದರು. ಅರ್ಧ ದಾರಿ ಚೆನ್ನಾಗಿಯೇ ಹೋದೆ. ಆಮೇಲೆ ಕೆಳಗೆ ನೋಡಿದೆ, ನೆಲ ಕಾಣಲಿಲ್ಲ. ಕೈಕಾಲು ಆಡಿಸುವುದೇ ಮರೆತುಹೋಯಿತು. ಮುಳುಗಿ ಮೇಲೆ ಬಂದಾಗ ಅವರು ಕಾವಲಿನವನನ್ನು ಕೂಗುತ್ತಿದ್ದರು. ಅವನು ಪಂಪಿನ ಕೋಣೆಯೊಳಗಿದ್ದ. ಮತ್ತೆ ಮುಳುಗಿದೆ. ಮತ್ತೆ ಮೇಲೆ ಬಂದಾಗ ಅವರು ನನ್ನ ಪಕ್ಕದಲ್ಲೇ ಇದ್ದರು, ಶರ್ಟಿನ ಸಮೇತ, ಗಲ್ಲ ಎತ್ತಿ, ಎಡಗಿವಿಯನ್ನು ಆಕಾಶಕ್ಕೆ ತಿರುಗಿಸಿಕೊಂಡು. ಆಗಲೂ ಆ ಕಿವಿಯನ್ನು ಉಳಿಸಿಕೊಳ್ಳಲು ನೋಡುತ್ತಿದ್ದರು. ‘ನನ್ನ ಹಿಡ್ಕೋಬೇಡ ಮಗಾ. ನೀರ್ ಮೇಲೆ ಮಲ್ಕೋ’ ಅಂದರು. ಪ್ರಾಣಭಯದಲ್ಲಿ ನಾನು ಅವರ ತಲೆಯನ್ನೇ ತಬ್ಬಿಕೊಂಡೆ. ಇಬ್ಬರೂ ಮುಳುಗಿದೆವು. ಆ ಜಿಡ್ಡು ಹತ್ತಿ ನನ್ನ ಅಂಗೈಗೆ ಕಿತ್ತು ಬಂದದ್ದು ಇನ್ನೂ ನೆನಪಿದೆ.

ನನ್ನನ್ನು ಹೇಗೆ ದಡ ಮುಟ್ಟಿಸಿದರೋ ಗೊತ್ತಿಲ್ಲ. ಕೆಮ್ಮುತ್ತಿದ್ದ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ‘ಹಲೋ, ಕೇಳಿಸ್ತಾ?’ ಅಂದರು. ಕೇಳಿಸ್ತು ಅಂದೆ. ಆಮೇಲೆ ತಾವು ಕುಪ್ಪಳಿಸಲು ಎದ್ದವರು ತಲೆ ತಿರುಗಿ ಗೋಡೆ ಹಿಡಿದುಕೊಂಡರು. ಅವತ್ತು ನಾವ್ಯಾರೂ ನಗಲಿಲ್ಲ.

ಕಿವಿ ಮತ್ತೆ ಸೋರಿತು. ಪರೀಕ್ಷೆಯಲ್ಲಿ ಫೇಲಾಗಿ ಅವರು ಪ್ಯಾಕಿಂಗಿಗೆ ಹೋದರು. ಮುಂದೆ ಆ ಕಿವಿ ಪೂರ್ತಿ ಹೋಯಿತು. ಪ್ಯಾಕಿಂಗಿಗೆ ಹಾಕಿದ ವಾರವೇ ನಮ್ಮಪ್ಪ ಮುಖ ಸಣ್ಣದು ಮಾಡಿಕೊಂಡು ಅವರ ಮನೆಗೆ ಹೋದಾಗ, ‘ಬಿಡಿ ಸಾರ್, ಹಲೋ ಹಲೋ ಅಂದು ನಂಗೂ ಸಾಕಾಗಿತ್ತು’ ಅಂದರು. ಅದು ಸುಳ್ಳೆಂದು ತಿಳಿಯುವಷ್ಟು ವಯಸ್ಸು ನನಗಾಗಿತ್ತು. ಮುಂದಿನ ಭಾನುವಾರ ನಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ಕರೆದರು: ‘ಅದೇ ಆಳಕ್ಕೆ ಇನ್ನೊಂದ್ಸಲ ಹೋಗ್ಬೇಕು. ಇಲ್ಲಾಂದ್ರೆ ಹೆದರಿಕೆ ಒಳಗೇ ಕೂತ್ಬಿಡತ್ತೆ.’ ನಡುಗುತ್ತಲೇ ಹೋದೆ, ದಾಟಿದೆ.

ಇಂದಿಗೂ ಈಜುತ್ತೇನೆ. ನನ್ನ ಕಿವಿಯೂ ಆಗಾಗ ಸೋರುತ್ತದೆ, ನಾನೂ ವ್ಯಾಸಲೀನ್ ಹತ್ತಿ ಇಟ್ಟುಕೊಳ್ಳುತ್ತೇನೆ.

ಎಷ್ಟೋ ವರ್ಷಗಳ ನಂತರ ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಅಷ್ಟು ಕಾಲ ಬಾಯಿಗೆ ಬಾರದ್ದನ್ನೆಲ್ಲ ಹೇಳಿದೆ. ನಿಮ್ಮ ಬೆಂಚು ನನ್ನಿಂದ ಹೋಯಿತು ಕಾಕಾ, ನಾನು ಉಳಿದದ್ದು ನಿಮ್ಮಿಂದ ಅಂದೆ. ಅವರು ಸೂರು ನೋಡುತ್ತಾ ಮಲಗಿದ್ದರು. ಮುಗಿಸಿದ ಮೇಲೆ ಹೊಳೆಯಿತು, ನಾನು ಕೂತಿದ್ದು ಅವರ ಎಡಕ್ಕೆ. ಎದ್ದು ಆಚೆ ಬದಿಗೆ ಹೋದೆ. ಅದನ್ನೆಲ್ಲ ಮತ್ತೆ ಹೇಳಲಿಲ್ಲ, ಅವರ ಬಲಗಿವಿಯ ಹತ್ತಿರ ಬಗ್ಗಿದೆ. ‘ಹಲೋ ಕಾಕಾ, ಕೇಳಿಸ್ತಾ?’ ಎಂದಷ್ಟೇ ಕೇಳಿದೆ.

‘ಕೇಳಿಸ್ತು ಮಗಾ’ ಎಂದು ನಕ್ಕರು. ಆ ವಾರವೇ ಹೋಗಿಬಿಟ್ಟರು. ಏನು ಕೇಳಿಸಿತೆಂದು ನಾನು ಕೇಳಿರಲಿಲ್ಲ.