ಎಡಗಡೆಯದು ಮೇಲೆ

ನಮ್ಮ ಬೀದಿಯ ಹೆಂಗಸರಲ್ಲಿ ದೆವ್ವ, ಗಾಳಿ, ಕನಸಿನಲ್ಲಿ ಬಂದ ಹಿರಿಯರು ಎಂದು ಮಾತು ಬಂದಾಗ ನಾನು ಅವರೆಕಾಯಿ ಸುಲಿಯುತ್ತಾ ಸುಮ್ಮನೆ ತಲೆಯಾಡಿಸುತ್ತಿದ್ದೆ. ಎದುರು ಹೇಳಿದರೆ ನೋಯುತ್ತಾರೆ, ಒಪ್ಪಿಕೊಂಡರೆ ಸುಳ್ಳು ಹೇಳಿದ ಹಾಗಾಗುತ್ತದೆ. ಹತ್ತನೇ ತರಗತಿಯವರೆಗೆ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿನ ಸಿಸ್ಟರ್ ಒಬ್ಬರು, ಕತ್ತಲೆಗೆ ಹೆದರಿದ ಹುಡುಗಿಯರ ಕೈ ಹಿಡಿದು ಕರೆದುಕೊಂಡು ಹೋಗಿ, "ಮುಟ್ಟಿ ನೋಡು, ಇದು ಕುರ್ಚಿ. ಅದರ ಮೇಲಿರೋದು ಕೋಟು" ಎಂದು ತೋರಿಸುತ್ತಿದ್ದರು. ಆಮೇಲೆ ನಾನೂ ಹಾಗೆಯೇ ಮಾಡುತ್ತಾ ಬಂದೆ. ಹೆದರಿಸಿದ್ದನ್ನೆಲ್ಲ ಹತ್ತಿರ ಹೋಗಿ ಮುಟ್ಟಿ ನೋಡಿದೆ. ಪ್ರತಿ ಸಲವೂ ಅದು ಕುರ್ಚಿಯೋ ಕೋಟೋ ಆಗಿರುತ್ತಿತ್ತು. ಒಂದು ಸಲ ಮಾತ್ರ ಹಾಗಾಗಲಿಲ್ಲ. ಅದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಾನೇ ನಂಬಿದ್ದೇನೆಯೇ ಎಂಬುದು ನನಗೆ ಇನ್ನೂ ಗೊತ್ತಿಲ್ಲ.

ನಮ್ಮದು ಮಧುಗಿರಿ. ಇವರು ತುಮಕೂರಿನ ಕಡೆ ಜಪಾನಿನವರ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬಹಳ ವರ್ಷ ದುಡಿದವರನ್ನು ಹೆಂಡತಿಯ ಜೊತೆ ಒಂದು ವಾರ ಜಪಾನಿಗೆ ಕರೆಸಿಕೊಳ್ಳುವುದು ಅಲ್ಲಿನ ಪದ್ಧತಿ. ಕೆಲವು ವರ್ಷಗಳ ಹಿಂದೆ ನಮ್ಮ ಸರದಿ ಬಂತು. ಆಗ ಅತ್ತೆಗೆ ಲಕ್ವ ಹೊಡೆದು ಮೂರು ತಿಂಗಳಾಗಿತ್ತು.

ಅತ್ತೆಯ ತವರು ಪಾವಗಡ ತಾಲ್ಲೂಕಿನ ನಾಗಲಮಡಿಕೆ. ಅರ್ಧ ಕನ್ನಡ, ಅರ್ಧ ತೆಲುಗು, ಮಧ್ಯೆ ಉಸಿರಿಗೂ ಜಾಗವಿಲ್ಲದ ಹಾಗೆ ಮಾತಾಡುತ್ತಿದ್ದವರು. ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಏನಮ್ಮಾ ಕಾನ್ವೆಂಟು, ಸಾರ್ಗೆ ಉಪ್ಪನ್ನ ಇಂಗ್ಲಿಷ್ನಾಗೆ ಹಾಕ್ದಾ? ನಾಲ್ಗೆಗೆ ಗೊತ್ತೇ ಆಗಾಕಿಲ್ವಲ್ಲ" ಎನ್ನುವುದು ಅವರ ಪ್ರೀತಿಯ ವರಸೆ. ಅಂಥವರ ಬಲಗೈ ಬಲಗಾಲು ಸೋತು, ಮಾತು ಪೂರ್ತಿ ನಿಂತುಹೋಗಿತ್ತು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದರು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಮಾತು ಬರಬಹುದು, ಬರದೆಯೂ ಇರಬಹುದು. ಇನ್ನೊಂದು ಸಲ ಹೊಡೆದರೆ ಮಾತ್ರ ಕಷ್ಟ ಎಂದಿದ್ದರು ಡಾಕ್ಟರು. ಆ 'ಇನ್ನೊಂದು ಸಲ' ಎನ್ನುವುದು ನಮ್ಮ ಮನೆಯೊಳಗೆ ಕೂತೇಬಿಟ್ಟಿತ್ತು.

ಹೋಗುವುದು ಬೇಡವೆಂದು ನಾವಿಬ್ಬರೂ ತೀರ್ಮಾನಿಸಿದೆವು. ಇವರು ಒಬ್ಬನೇ ಮಗ. ಆದರೆ ನಾದಿನಿ ಗಿರಿಜಾ ಹೊಳವನಹಳ್ಳಿಯಿಂದ ಬ್ಯಾಗು ಹಿಡಿದುಕೊಂಡೇ ಬಂದಳು.

"ನೀವಿಬ್ರೂ ಇಲ್ಲಿ ಮುಖ ನೋಡ್ಕೊಂಡು ಕೂತ್ರೆ ಅವ್ವಂಗೆ ಮಾತು ಬಂದ್ಬುಡ್ತದಾ ಅತ್ತಿಗೆ? ನಾನೇನ್ ಸತ್ತೋಗಿದೀನಾ? ಹೋಗ್ಬನ್ನಿ. ಬರೋವಾಗ ನಂಗೊಂದು ಛತ್ರಿ ತನ್ನಿ, ಒತ್ತಿದ್ರೆ ಬಿಚ್ಕೊಳ್ಳೋದು."

ಹೊರಡುವಾಗ ಅತ್ತೆ ಎಡಗೈಯಲ್ಲಿ ನನ್ನ ಸೆರಗು ಹಿಡಿದರು. ಹೋಗಬೇಡ ಎಂದೋ, ನನ್ನನ್ನೂ ಕರೆದುಕೊಂಡು ಹೋಗು ಎಂದೋ ತಿಳಿಯಲಿಲ್ಲ. ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿದೆ.

ಅಲ್ಲಿ ಮೊದಲ ದಿನಗಳೆಲ್ಲ ಕಾರ್ಖಾನೆ, ಊಟ, ಬಗ್ಗಿ ಬಗ್ಗಿ ನಮಸ್ಕಾರ. ಕೊನೆಗೆ ಒಂದು ರಾತ್ರಿ ಉಳಿಯಲು ಬೆಟ್ಟದ ಮಧ್ಯೆ ಇದ್ದ ಹಳೆಯ ಕಾಲದ ರೀತಿಯ ಹೋಟೆಲ್ಲಿಗೆ ಕಳಿಸಿದರು. ಬಹಳ ದುಬಾರಿಯದು ಎಂದು ಕೇಳಿದ್ದೆ. ನೋಡಿದರೆ ಎಲ್ಲಿಯೂ ಥಳುಕಿಲ್ಲ. ಮರದ ಕಂಬ, ಕಾಗದ ಅಂಟಿಸಿದ ಜಾರುವ ಬಾಗಿಲು, ಹೊಸ ಚಾಪೆಯ ವಾಸನೆ. ಕೋಣೆಯಲ್ಲಿ ಮಂಚವಿಲ್ಲ, ಕುರ್ಚಿಯಿಲ್ಲ. ಒಂದು ಮೋಟು ಮೇಜು, ಸುತ್ತ ದಿಂಬು. ನಮ್ಮ ಹಳ್ಳಿಮನೆಯ ನಡುಮನೆಯನ್ನು ಯಾರೋ ಬಹಳ ಶ್ರದ್ಧೆಯಿಂದ ಗುಡಿಸಿ ಸಾರಿಸಿ ಖಾಲಿ ಮಾಡಿಟ್ಟ ಹಾಗಿತ್ತು. ನೆಲದೊಳಗಿಂದ ಬಿಸಿನೀರು ತಾನಾಗಿ ಉಕ್ಕುವ ಜಾಗ ಅದು. ಸೌದೆ ಇಲ್ಲ, ಹೊಗೆ ಇಲ್ಲ, ಕರೆಂಟೂ ಇಲ್ಲ. ಹಂಡೆಗೆ ಉರಿ ಹಾಕಿ ಕಣ್ಣು ಉಜ್ಜಿಕೊಂಡ ನನಗೆ ಅದೇ ದೊಡ್ಡ ಪವಾಡ.

ಬಾಗಿಲ ಹತ್ತಿರ ಸ್ನಾನದ ನಿಯಮಗಳ ಫಲಕವಿತ್ತು. ಹಚ್ಚೆ ಹಾಕಿಸಿಕೊಂಡವರು ನೀರಿಗೆ ಇಳಿಯುವಂತಿಲ್ಲ ಎಂದು ಒಂದು ಚಿತ್ರ. ಅಲ್ಲಿ ಅದು ರೌಡಿಗಳ ಗುರುತಂತೆ. ಇವರು ನಕ್ಕುಬಿಟ್ಟರು. "ಅಮ್ಮನ್ನ ಕರ್ಕೊಂಡು ಬಂದಿದ್ರೆ ರೌಡಿ ಅಂತ ಆಚೆಗೆ ಹಾಕ್ತಿದ್ರು ನೋಡು." ಅತ್ತೆಯ ಬಲ ಮುಂಗೈ ಮೇಲೆ ಚಿಕ್ಕಂದಿನಲ್ಲಿ ಹಾಕಿಸಿದ ಹಚ್ಚೆಯಿತ್ತು: ಒಂದು ತುಳಸಿ ಕಟ್ಟೆ, ಎರಡೂ ಪಕ್ಕ ಚುಕ್ಕಿಗಳು. ಹಸಿರು ಮಾಸಿ ನೀಲಿಯಾಗಿತ್ತು.

ನಮ್ಮ ಕೋಣೆ ನೋಡಿಕೊಳ್ಳಲು ಅರುವತ್ತು ದಾಟಿದ ಒಬ್ಬ ಹೆಂಗಸಿದ್ದರು. ತೆಳ್ಳನೆಯವರು, ಕೆನ್ನೆ ಕೆಂಪಗೆ. ಅವರಿಗೆ ನಮ್ಮ ಭಾಷೆ ಬಾರದು, ನಮಗೆ ಅವರದು. ಇವರ ಮೊಬೈಲಿಗೆ ಅವರು ಮಾತಾಡಿದರೆ ಅದು ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಿತ್ತು. ತೊಡಲು ಒಂದೊಂದು ಹತ್ತಿಯ ನಿಲುವಂಗಿ ಕೊಟ್ಟರು. ನೀಲಿ ನೆಲದ ಮೇಲೆ ಬಿಳಿ ಗೀರುಗಳು, ಮುಂದೆ ತೆರೆದದ್ದು, ಸೊಂಟಕ್ಕೊಂದು ಪಟ್ಟಿ. ನಾನು ಬಲಗಡೆಯ ಅಂಚನ್ನು ಎಡಕ್ಕೆ ಎಳೆದು ಕಟ್ಟಿಕೊಂಡೆ. ಸೀರೆ ಉಡುವ ಕೈಗೆ ಅದೇ ಅಭ್ಯಾಸ, ಸೆರಗು ಯಾವಾಗಲೂ ಎಡ ಹೆಗಲಿಗೇ ತಾನೆ ಹೋಗುವುದು. ಆ ಹೆಂಗಸು ನೋಡಿದವರೇ "ಆ!" ಎಂದು ಬಾಯಿ ಮುಚ್ಚಿಕೊಂಡು, ಓಡಿಬಂದು ಪಟ್ಟಿ ಬಿಚ್ಚಿದರು. ಬಲಗಡೆಯದನ್ನು ಒಳಗೆ ಹಾಕಿ ಎಡಗಡೆಯದನ್ನು ಮೇಲೆ ತಂದು ಕಟ್ಟಿ, ನನ್ನ ಎದೆಯನ್ನು ಮೆಲ್ಲಗೆ ತಟ್ಟಿದರು. ಮೊಬೈಲು ಹೇಳಿತು: ಎಡಗಡೆಯದು ಮೇಲೆ. ಬಲಗಡೆಯದು ಮೇಲೆ ಬಂದರೆ ಅದು ಸತ್ತವರಿಗೆ ಉಡಿಸುವ ರೀತಿ.

ಮಧ್ಯಾಹ್ನ ಇಳಿದ ಹೊತ್ತು ಹೆಂಗಸರ ಸ್ನಾನದ ಕಡೆ ಹೋದೆ. ಹತ್ತು ಜನರ ಎದುರು ಮೈ ಬಿಚ್ಚುವುದು ನನ್ನಿಂದಾಗದು. ಯಾರೂ ಇಲ್ಲವೆಂದು ಆ ಹೆಂಗಸು ಕೈಸನ್ನೆಯಲ್ಲಿ ಹೇಳಿದ ಮೇಲೇ ಹೋದದ್ದು. ಕಲ್ಲಿನ ತೊಟ್ಟಿ, ಅಂಚಿನ ಮಟ್ಟಕ್ಕೆ ನೀರು, ಬೆಂಕಿಕಡ್ಡಿ ಗೀರಿದಂಥ ವಾಸನೆ. ಇಳಿದಾಗ ಒಂದಿಷ್ಟು ನೀರು ಹೊರಚೆಲ್ಲಿ ಮತ್ತೆ ನಿಶ್ಚಲವಾಯಿತು. ಕುತ್ತಿಗೆಯವರೆಗೆ ಕೂತೆ. ಮೂರು ತಿಂಗಳಿನ ಆಯಾಸ ಮೂಳೆಯೊಳಗಿಂದ ಎದ್ದು ಹೋಗುತ್ತಿರುವಂತಿತ್ತು. ಆಗ ಅತ್ತೆಯ ಸೋತ ಕೈ ನೆನಪಾಯಿತು. ದಿನಾ ಹರಳೆಣ್ಣೆ ಹಚ್ಚಿ ಬಿಸಿನೀರಲ್ಲಿ ಅದ್ದಿ ಅದ್ದಿ ತಿಕ್ಕುತ್ತಿದ್ದೆ. "ನೀವು ಒಂದು ಸಲ ಇದ್ರಲ್ಲಿ ಕೂರ್ಬೇಕಿತ್ತು ಅತ್ತೆ" ಎಂದೆ. ಗಟ್ಟಿಯಾಗಿಯೇ ಅಂದೆ. ಯಾರೂ ಇರಲಿಲ್ಲವಲ್ಲ.

ಸ್ವಲ್ಪ ಹೊತ್ತಾದ ಮೇಲೆ ನೀರು ಇನ್ನೊಮ್ಮೆ ಅಂಚು ಮೀರಿ ಕಲ್ಲಿನ ಮೇಲೆ ಚೆಲ್ಲಿತು. ನಾನು ಅಲುಗಿರಲಿಲ್ಲ. ನೆಲದೊಳಗಿನ ಊಟೆ ಜೋರಾಗಿರಬೇಕು ಎಂದುಕೊಂಡೆ. ಆಗ ಅಷ್ಟೇ ಅನಿಸಿದ್ದು. ಉಳಿದದ್ದನ್ನು ಈಗ ಸೇರಿಸುವುದು ನ್ಯಾಯವಲ್ಲ.

ದೀಪ ಹಚ್ಚುವ ಹೊತ್ತಿಗೆ ಆ ಹೆಂಗಸು ಕೋಣೆಗೇ ಊಟ ತಂದರು. ಪುಟ್ಟ ಪುಟ್ಟ ಬಟ್ಟಲು, ಎಲೆಯ ಮೇಲೊಂದು ಎಸಳು. ಮೊದಲು ಇವರ ಮುಂದೆ, ಆಮೇಲೆ ನನ್ನ ಮುಂದೆ. ಮತ್ತೆ ಹೊರಗೆ ಹೋಗಿ ಮೂರನೆಯ ತಟ್ಟೆ ತಂದು, ಬೆನ್ನಿಗೆ ಒರಗುವ ಹಲಗೆಯಿದ್ದ ಒಂದು ದಿಂಬನ್ನು ಹಾಕಿ, ಅದರ ಮುಂದಿಟ್ಟರು. ಮೀನನ್ನು ಮೆತ್ತಗೆ ಬಿಡಿಸಿಟ್ಟಿದ್ದರು, ಹಲ್ಲಿಲ್ಲದವರಿಗೆ ಇಡುವ ಹಾಗೆ.

"ನಾವು ಇಬ್ರೇ" ಎಂದು ಇವರು ಎರಡು ಬೆರಳು ತೋರಿಸಿದರು.

ಆಕೆ ಗೊಂದಲದಿಂದ ನಮ್ಮಿಬ್ಬರ ಹಿಂದೆ ನೋಡಿದರು. ಮೊಬೈಲಿನಲ್ಲಿ ಬಂತು: ಅಜ್ಜಿಗೆ.

ಯಾವ ಅಜ್ಜಿ ಎಂದು ಇವರು ಕೇಳಿದರು. ಆಕೆ ಎದ್ದು ಗೋಡೆಗೆ ಎಡಗೈ ಕೊಟ್ಟು, ಬಲಗಾಲು ಎಳೆಯುತ್ತಾ ನಡೆದು ತೋರಿಸಿದರು. ಆಮೇಲೆ ತಮ್ಮ ಬಲ ಮುಂಗೈ ಮೇಲೆ ಬೆರಳಿನಿಂದ ಚುಕ್ಕಿ ಚುಕ್ಕಿ ಇಟ್ಟು, ತುಂಟತನ ಮಾಡಿದವರ ಹಾಗೆ ಬಾಯಿಗೆ ಬೆರಳಿಟ್ಟುಕೊಂಡರು. ಮೊಬೈಲು ತೋರಿಸಿತು: ನೀವು ಹೊರಬಂದ ಮೇಲೆ ಅವರು ಬಂದರು. ನಿಯಮದ ಪ್ರಕಾರ ಬಿಡಬಾರದು. ವಯಸ್ಸಾದವರು, ಅದಕ್ಕೇ ಹಚ್ಚೆಯ ಮೇಲೆ ಒಂದು ಪಟ್ಟಿ ಅಂಟಿಸಿ ಮುಚ್ಚಿದೆ. ಬಹಳ ಹೊತ್ತು ನೀರಿನಲ್ಲಿದ್ದರು. ಖುಷಿಯಾಗಿದ್ದರು.

ನನ್ನ ತಲೆಗೆ ಬಂದದ್ದೇ ಇವರ ತಲೆಗೂ ಬಂದಿರಬೇಕು. ಜೀವ ಹೋಗುವಾಗ ಬೇಕಾದವರನ್ನು ನೋಡಿಕೊಂಡು ಹೋಗುತ್ತದೆ ಎಂದು ನಮ್ಮ ಬೀದಿಯಲ್ಲಿ ಎಷ್ಟು ಸಲ ಕೇಳಿಲ್ಲ ನಾನು! ಇವರು ಗಿರಿಜಾಗೆ ಫೋನು ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ.

ಆಗ ನಾನು ಮಾಡಿದ್ದು ನನಗೇ ಆಶ್ಚರ್ಯ. ಅಂಥದ್ದನ್ನು ನಂಬದವಳು ಆ ಹೆಂಗಸಿನ ಕೈ ಹಿಡಿದು, ನನ್ನ ಅಂಗಿಯ ಎರಡು ಅಂಚುಗಳನ್ನು ತೋರಿಸಿ, "ಅವರು ಹೇಗೆ ಉಟ್ಟಿದ್ರು? ಯಾವುದು ಮೇಲಿತ್ತು?" ಎಂದು ಕನ್ನಡದಲ್ಲಿಯೇ ಕೇಳಿದೆ. ಆಕೆಗೆ ಹೇಗೋ ಅರ್ಥವಾಯಿತು. ಮೊದಲು ಬಲಗಡೆಯದನ್ನು ಮೇಲೆ ತಂದು ತೋರಿಸಿದರು. ಆಮೇಲೆ ನಗುತ್ತಾ ತಲೆಯಾಡಿಸಿ, ಬಿಚ್ಚಿ, ಎಡಗಡೆಯದನ್ನು ಮೇಲೆ ತಂದು, ನನಗೆ ತಟ್ಟಿದ ಹಾಗೆಯೇ ಎದೆ ತಟ್ಟಿ ತೋರಿಸಿದರು. ಮೊಬೈಲು ಹೇಳಿತು: ಅವರೂ ನಿಮ್ಮ ಹಾಗೆಯೇ ತಪ್ಪಾಗಿ ಉಟ್ಟಿದ್ದರು. ನಾನು ಸರಿ ಮಾಡಿದೆ.

ಅಷ್ಟರಲ್ಲಿ ಗಿರಿಜಾ ತಾನೇ ಫೋನು ಮಾಡಿದಳು. ನಮ್ಮೂರಲ್ಲಿ ಆಗಿನ್ನೂ ಮಧ್ಯಾಹ್ನ.

"ಏನಣ್ಣ, ಇಷ್ಟೊಂದ್ಸಲ ಮಾಡಿದೀಯ? ಪಾತ್ರೆ ಉಜ್ತಾ ಇದ್ದೆ."

"ಅಮ್ಮ?"

"ಮಲ್ಗೈತೆ. ಉಂಡ್ಮ್ಯಾಕೆ ಮಲಗಿದ್ದು, ಇನ್ನೂ ಎದ್ದಿಲ್ಲ. ಯಾವತ್ತೂ ಇಷ್ಟೊತ್ತು ಮಲಗಾಕಿಲ್ಲಪ್ಪ."

"ಎಬ್ಬಿಸು."

"ಮಲ್ಗಿರೋರ್ನ ಯಾಕ್ ಎಬ್ಸಾನ..."

"ಗಿರಿಜಾ, ಎಬ್ಬಿಸು ಅಂದ್ನಲ್ಲ!"

ಅವಳು ಕೋಣೆಗೆ ಹೋಗುವ ಹೆಜ್ಜೆಯ ಸದ್ದು ಕೇಳಿಸಿತು. "ಅವ್ವಾ... ಅವ್ವಾ..." ಎಂದು ಅವಳ ದನಿ. ಆಮೇಲೆ ಏನೂ ಇಲ್ಲ. ನಮ್ಮ ಪಕ್ಕದಲ್ಲಿ ಆ ಹೆಂಗಸು ಏನೂ ತಿಳಿಯದೆ ಕೈ ಕಟ್ಟಿ ಕೂತಿದ್ದರು. ಇವರು ನನ್ನ ಮಣಿಕಟ್ಟನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದರು.

"ಎದ್ಲು ಕಣಣ್ಣ. ಅಯ್ಯೋ, ಮೈಯೆಲ್ಲಾ ಬೆವ್ತು ಒದ್ದೆ ಆಗೋಗೈತೆ! ಫ್ಯಾನ್ ಬೇರೆ ತಿರುಗ್ತಾನೇ ಐತೆ. ನೋಡಿಲ್ಲಿ, ಕೂದ್ಲೆಲ್ಲ ಅಂಟ್ಕೊಂಡೈತೆ."

ವಿಡಿಯೋದಲ್ಲಿ ಅತ್ತೆಯ ಮುಖ ತೋರಿಸಿದಳು. ಕೆಂಪಗಾಗಿತ್ತು, ಆಗಷ್ಟೇ ಎಣ್ಣೆಸ್ನಾನ ಮಾಡಿಸಿಕೊಂಡು ಬಂದು ಕೂತ ಹಾಗೆ. ನಮ್ಮನ್ನು ನೋಡಿ ಸೊಟ್ಟಗೆ ನಕ್ಕರು. ಆ ಹೆಂಗಸು ಮೊಬೈಲಿನೊಳಗೆ ಇಣುಕಿ ನೋಡಿ, ಪರಿಚಯದವರಿಗೆ ಬಗ್ಗುವ ಹಾಗೆ ತಲೆ ಬಗ್ಗಿಸಿದರು. ಮೂರನೆಯ ತಟ್ಟೆಯನ್ನು ಮಾತ್ರ ತೆಗೆಯಲಿಲ್ಲ. ನಾವೂ ತೆಗೆಯಿರಿ ಎನ್ನಲಿಲ್ಲ. ಹಾಸಿಗೆ ಹಾಸಲು ಬಂದಾಗ ಮೂರು ಹಾಸಿದರು. ಇವರು "ಇರಲಿ ಬಿಡು" ಎಂದರು. ನಾನು ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಮೂರನೆಯ ಹಾಸಿಗೆ ಹಾಸಿದ ಹಾಗೆಯೇ ಇತ್ತು, ಒಂದು ಸುಕ್ಕೂ ಇರಲಿಲ್ಲ.

ಕಾರ್ಖಾನೆಯವರು ತಪ್ಪಿ ಮೂವರಿಗೆ ಬುಕ್ ಮಾಡಿರಬೇಕು, ಬೇರೆ ಯಾವುದೋ ಅಜ್ಜಿ ನೀರಿಗೆ ಬಂದಿರಬೇಕು ಎಂದು ಇವರು ಕಾರಿನಲ್ಲಿ ಹೇಳಿದರು. ಹಾಗಾದರೆ ಕೇಳಿಬಿಡೋಣ ಎಂದೆ. ಇವರು ಕಿಟಕಿಯ ಕಡೆ ತಿರುಗಿ, "ಬೇಡ ಬಿಡು" ಎಂದರು. ಇವತ್ತಿನವರೆಗೂ ಕೇಳಿಲ್ಲ.

ಹೊರಡುವಾಗ ಆ ಹೆಂಗಸು ಮಡಿಸಿದ ಒಂದು ನಿಲುವಂಗಿಯನ್ನು ಉಡುಗೊರೆಯಾಗಿ ಕೈಗಿಟ್ಟಿದ್ದರು. ಚಿಕ್ಕ ಅಳತೆಯದು. ಊರಿಗೆ ಬಂದ ಮರುದಿನ ಅತ್ತೆಗೆ ಸ್ನಾನ ಮಾಡಿಸಿ ಅದನ್ನೇ ತೊಡಿಸಿದೆ. ಸೋತ ಕೈಗೆ ರವಿಕೆ ಹಾಕುವುದು ದೊಡ್ಡ ಫಜೀತಿ. ಮುಂದೆ ತೆರೆದದ್ದಾದರೆ ಸುಲಭ. ಗಿರಿಜಾ ಹೊಸ ಛತ್ರಿಯನ್ನು ಒಳಗೇ ಬಿಚ್ಚಿ ಮುಚ್ಚಿ ಮಾಡುತ್ತಿದ್ದಳು. ಅಲ್ಲಿ ನಡೆದದ್ದನ್ನು ನಾವು ಯಾರಿಗೂ ಹೇಳಿರಲಿಲ್ಲ, ಅವಳಿಗೂ.

ಎದುರು ಕೂತವರಿಗೆ ಉಡಿಸುವಾಗ ಎಡ ಬಲ ತಿರುವುಮುರುವಾಗುತ್ತದೆ. ನಾನು ತಪ್ಪು ಅಂಚನ್ನು ಮೇಲೆ ತಂದು ಪಟ್ಟಿ ಸುತ್ತುತ್ತಿದ್ದೆ. ಅತ್ತೆ ನನ್ನ ಕೈ ಮೇಲೆ ಪಟ್ಟನೆ ಹೊಡೆದರು. ಎಡಗೈಯಿಂದ ಪಟ್ಟಿಯನ್ನು ತಳ್ಳಿ, ಬಲ ಅಂಚನ್ನು ಒಳಗೆ ಸೇರಿಸಿ, ಎಡಗಡೆಯದನ್ನು ಎಳೆದು ಮೇಲೆ ತಂದುಕೊಂಡರು. ಅವರ ಬಾಯಿ ಎರಡು ಮೂರು ಸಲ ಆಡಿತು.

"ಅಂಗಲ್ಲ ಕಣಮ್ಮಾ," ಎಂದರು. ನಾಲಿಗೆ ತಡವರಿಸುತ್ತಿತ್ತು, ಆದರೂ ಒಂದೊಂದು ಅಕ್ಷರವೂ ಕೇಳಿಸಿತು. "ಅದು... ಸತ್ತೋರ್ಗೆ."

ಗಿರಿಜಾಳ ಕೈಯಲ್ಲಿದ್ದ ಛತ್ರಿ ತಟ್ಟನೆ ಬಿಚ್ಚಿಕೊಂಡಿತು. "ಅವ್ವ ಮಾತಾಡ್ತು! ಅಣ್ಣಾ, ಅವ್ವ ಮಾತಾಡ್ತು!" ಎಂದು ಅಳುತ್ತಾ ಹೊರಗೆ ಓಡಿದಳು. ಏನು ಮಾತಾಡಿದರು ಎನ್ನುವುದು ಅವಳಿಗೆ ಮುಖ್ಯವಾಗಲಿಲ್ಲ. ನಾನು ಮಾತ್ರ ಪಟ್ಟಿ ಹಿಡಿದುಕೊಂಡು ಹಾಗೆಯೇ ಕೂತೆ.

ಅತ್ತೆಗೆ ಆಮೇಲೆ ನಿಧಾನವಾಗಿ ಮಾತು ಮರಳಿತು, ಕೊಂಕಿನ ಸಮೇತ. ಒಂದು ದಿನ ಧೈರ್ಯ ಮಾಡಿ, ಅವತ್ತು ಹಾಗೆ ಅಂದಿರಲ್ಲ, ನಿಮಗೆ ಯಾರು ಹೇಳಿದ್ದು ಎಂದು ಕೇಳಿದೆ. "ನಾನ್ಯಾವಾಗ ಅಂದ್ನಮ್ಮಾ ಕಾನ್ವೆಂಟು? ನಿಂಗೆಲ್ಲೋ ಭ್ರಮೆ" ಎಂದರು. ನೆನಪಿಲ್ಲವೋ, ಹೇಳಲು ಇಷ್ಟವಿಲ್ಲವೋ, ಮುಖ ನೋಡಿದರೆ ತಿಳಿಯುವುದಿಲ್ಲ.

ಒಗೆದು ಒಗೆದು ಆ ಅಂಗಿಯ ನೀಲಿ ಈಗ ಮಾಸಿದೆ. ರಾತ್ರಿ ಅದು ಅವರ ಕೋಣೆಯ ಕುರ್ಚಿಯ ಮೇಲೆ ಬಿದ್ದಿರುತ್ತದೆ. ದೀಪ ಆರಿಸಲು ಹೋದಾಗ ಒಮ್ಮೊಮ್ಮೆ ಮುಟ್ಟಿ ನೋಡುತ್ತೇನೆ. ಕುರ್ಚಿ ಕುರ್ಚಿಯೇ, ಬಟ್ಟೆ ಬಟ್ಟೆಯೇ. ಮಂಚದ ಮೇಲೆ ಅತ್ತೆಯ ಉಸಿರು ಏಳುತ್ತಾ ಇಳಿಯುತ್ತಾ ಇರುತ್ತದೆ. ಬಾಗಿಲು ಮುಂದೆ ಮಾಡಿ ಬರುತ್ತೇನೆ.