ಕುಷ್ಟರ ಜ್ವರ ಎಷ್ಟು ದಿನದ್ದು?

ಬೈಂದೂರಿನ ಬಸ್ ನಿಲ್ದಾಣದ ಹತ್ತಿರದ ಲ್ಯಾಬಿನಲ್ಲಿ ಯಡ್ತರೆಯ ಜಲಜ ಹದಿನೆಂಟು ವರ್ಷಗಳಿಂದ ರಕ್ತ ಪರೀಕ್ಷೆ ಮಾಡುತ್ತಿದ್ದಾರೆ. ಅವರು ಕೂತು ಊಟ ಮಾಡಿದ್ದನ್ನು ಕಂಡವರು ಕಡಿಮೆ. ಹೊಂದದ ಅಂಕೆ ಬಂದರೆ ಪರೀಕ್ಷೆ ಮತ್ತೊಮ್ಮೆ ಆಗಲೇಬೇಕು.

ಕಳೆದ ಜುಲೈಯ ಒಂದು ಬುಧವಾರ ಬಿಜೂರಿನ ಕುಷ್ಟ, ಹೆಂಡತಿ ಸೀತು ಜೊತೆ ಬಂದರು. ಗದ್ದೆ ಕೆಲಸದವರು. ಡಾಕ್ಟರ್ ರಾಜೇಂದ್ರರ ಚೀಟಿಯಲ್ಲಿ 'ಜ್ವರ ಎರಡು ದಿನ' ಎಂದಿತ್ತು. ಡೆಂಗಿ, ರಕ್ತಕಣಗಳ ಎಣಿಕೆ ಮತ್ತು ಸಿಆರ್‌ಪಿ ಕೇಳಿದ್ದರು. ಸಿಆರ್‌ಪಿ ಎಂದರೆ ದೇಹದಲ್ಲಿ ಸೋಂಕು, ಉರಿಯೂತ ಎದ್ದಾಗ ಏರುವ ಪ್ರೋಟೀನು. ಸಾಮಾನ್ಯವಾಗಿ ಆರರೊಳಗೆ ಇರುತ್ತದೆ.

ಕುಷ್ಟರದು ನೂರ ಐವತ್ತೆಂಟು. ಮತ್ತೆ ಮಾಡಿದರು. ನೂರ ಐವತ್ತೈದು. ಪ್ಲೇಟ್‌ಲೆಟ್ ಇಳಿದಿತ್ತು, ಬಿಳಿ ರಕ್ತಕಣ ಏರಿತ್ತು, ಡೆಂಗಿ ನೆಗೆಟಿವ್. ಇಲಿಮೂತ್ರ ಬೆರೆತ ಗದ್ದೆ ನೀರಿನಿಂದ ಹರಡುವ ಇಲಿಜ್ವರವೇ? ಆದರೆ ಅದರ ಪರೀಕ್ಷೆ ಹುಡುಕುವುದು ಪ್ರತಿಕಾಯಗಳನ್ನು. ಅವು ಮೂಡಲು ಐದಾರು ದಿನವಾದರೂ ಬೇಕು. ಎರಡನೇ ದಿನಕ್ಕೆ ಏನೂ ಕಾಣದೆಂದೇ ಡಾಕ್ಟರು ಕೇಳಿರಲಿಲ್ಲ. ಇಲಿಜ್ವರವೇ ಆಗಿದ್ದರೆ ಕಳೆಯುವ ಒಂದೊಂದು ದಿನವೂ ಮೂತ್ರಪಿಂಡಕ್ಕೆ ಕುತ್ತು.

ಜಲಜ ಹೊರಗೆ ಬಂದರು. "ಹ್ವಾಯ್, ಜ್ವರ ಬಂದ್ ಎಷ್ಟ್ ದಿನ ಆಯ್ತ್?"

"ಎರಡೇ ದಿನ ಮಾರಾಯ್ರೆ. ಮೊನ್ನೆವರಿಗೂ ಗದ್ದಿಗ್ ಹೋಯಿದೆ," ಎಂದರು ಕುಷ್ಟ.

ಮಲಗಿದ ದಿನದಿಂದ ಜ್ವರ ಎಣಿಸುವವರನ್ನು ಜಲಜ ಬೇಕಾದಷ್ಟು ಕಂಡಿದ್ದರು. ದುಡಿದ ದಿನಗಳದ್ದು ಅವರ ಮಟ್ಟಿಗೆ ಜ್ವರವೇ ಅಲ್ಲ. ಸೀತು ಕಡೆ ತಿರುಗಿದರು. "ಅಕ್ಕ, ಇವ್ರ್ ಕಡಿಗ್ ಮಿಂದದ್ದ್ ಯಾವತ್ತ್?"

"ಅದನ್ನ್ ಕೇಣ್ಬೇಡಿ! ಹೋದ ಬುಧವಾರ. ಅವತ್ತ್ ರಾತ್ರಿಂದ ಮೈ ಬೆಚ್ಚ ಅಂದ್ಹೇಳಿ ಬಚ್ಚಲ್ ಬದಿಗೇ ಹೋಯ್ಲಿಲ್ಲೆ."

"ಜ್ವರದಾಗ್ ಯಾರ್ ಮೀತ್ರ್?" ಕುಷ್ಟ ಗೊಣಗಿದರು.

"ಈಗ ಬಾಯಿ ಬಿಟ್ರಿ ಕಾಣಿ!" ಎಂದರು ಸೀತು.

ಎರಡಲ್ಲ, ಏಳು ದಿನ. ಜಲಜ ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು. ಅವರು, "ಇಲಿಜ್ವರದ್ದ್ ಮಾಡಿ. ಕ್ರಿಯಾಟಿನಿನ್ ಸಹ," ಎಂದರು. ಸಾಮಾನ್ಯವಾಗಿ ಒಂದರ ಆಸುಪಾಸು ಇದ್ದು, ಮೂತ್ರಪಿಂಡ ಸೋತರೆ ಏರುವ ಅಂಕೆ ಅದು.

ಇಲಿಜ್ವರವಿದ್ದರೆ ಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಮೂಡುತ್ತದೆ; ಅದಕ್ಕೆ ಇಪ್ಪತ್ತು ನಿಮಿಷ ಕಾಯಬೇಕಿತ್ತು. ಜಲಜ ಮೇಜಿನಿಂದ ಬಾಗಿಲಿಗೆ, ಬಾಗಿಲಿನಿಂದ ಮೇಜಿಗೆ ನಡೆದರು. "ಜಲಜಕ್ಕ, ನೀವ್ ಓಡಾಡ್ರೆ ಗೆರೆ ಬೇಗ ಬತ್ತಿಲ್ಲೆ," ಎಂದಳು ಜೊತೆಯ ಅನಿಷಾ.

ಗೆರೆ ಬಂತು, ತೆಳುವಾಗಿ. ಕ್ರಿಯಾಟಿನಿನ್ ನಾಲ್ಕಿತ್ತು. ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲೇ ಮೊದಲ ಇಂಜೆಕ್ಷನ್ ಕೊಟ್ಟು, ಮಧ್ಯಾಹ್ನದೊಳಗೆ ಕುಷ್ಟರನ್ನು ಕುಂದಾಪುರದ ಆಸ್ಪತ್ರೆಗೆ ಕಳಿಸಿದರು.

ಮೂರು ದಿನ ಜಲಜರಿಗೆ ಸಮಾಧಾನವಿರಲಿಲ್ಲ. ಗೆರೆ ತೆಳುವಿತ್ತಲ್ಲ, ತಾನು ತಪ್ಪಿರಬಹುದೇ? ಸರಿಯೇ ಇದ್ದರೂ ತಡವಾಗಿತ್ತೇ?

ನಾಲ್ಕನೇ ದಿನ ಸೀತು ಫೋನ್ ಮಾಡಿದರು. "ಜಲಜಕ್ಕ, ಇಲಿಜ್ವರವೇ ಅಂಬ್ರ್. ನಿನ್ನೆಯಿಂದ ಮೂತ್ರ ಸಮಾ ಹೋತಿತ್ತ್. ಗಂಜಿ ಉಂಡ್ರ್. ಉಪ್ಪಿಲ್ಲೆ ಅಂದ್ ನಂಗ್ ಬೈದ್ರ್ ಸಹ."

"ಕ್ರಿಯಾಟಿನಿನ್ ಎಷ್ಟ್ ಇತ್ತ್?"

"ಅದೆಲ್ಲ ನಂಗ್ ಗೊತ್ತಿಲ್ಲೆ."

"ರಿಪೋರ್ಟಿನ ಫೋಟೊ ಕಳ್ಸಿ."

ಫೋಟೊ ಬಂತು. ಎರಡು ಪಾಯಿಂಟ್ ಒಂದು. ಜಲಜ ಅದನ್ನು ದೊಡ್ಡದು ಮಾಡಿ ತಾರೀಕು ನೋಡಿದರು, ಹೆಸರು ನೋಡಿದರು. ಆಮೇಲೆ ಬರೆದರು: 'ನಾಳೆದ್ದೂ ಕಳ್ಸಿ.'